ಮನೆ ಒಳಗಿನ ಬಣ್ಣ: ಗೋಡೆ, ಬಾಗಿಲು, ಕಿಟಕಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನನ್ನದೊಂದು ಬಣ್ಣದ ಅಂಗಡಿ ಇದೆ. ಊರು ಮಂಡ್ಯದ ಕಡೆ. ಅಂಗಡಿಗೆ ಬಂದವರು ಮೊದಲು ಕೇಳುವುದು ಶೇಡ್ ಕಾರ್ಡ್. ನಾನು ಮೊದಲು ಕೇಳುವುದು "ಗೋಡೆ ಹೇಗಿದೆ?" ಅಂತ. ಪೇಂಟ್ ಎಷ್ಟೇ ದುಬಾರಿಯದಾಗಲಿ, ಅದು ಗೋಡೆಯ ಮೇಲೆ ಕೂರುವ ತೆಳು ಪದರ ಅಷ್ಟೇ. ಒಳಗೆ ತೇವ ಇದ್ದರೆ, ಮೇಲೆ ದೂಳು ಇದ್ದರೆ, ಹಳೇ ಸುಣ್ಣ ಸಡಿಲವಾಗಿದ್ದರೆ ಯಾವ ಕಂಪನಿಯ ಡಬ್ಬ ತಂದರೂ ನಿಲ್ಲುವುದಿಲ್ಲ. ಕೆಳಗಿನ ಪ್ರಶ್ನೆಗಳೆಲ್ಲ ಕೌಂಟರ್ ಮುಂದೆ ನಿಂತು ಜನ ಕೇಳಿದ್ದು. ಉತ್ತರವನ್ನೂ ಅಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.

ಬಣ್ಣ ಹೊಡೆಸಲು ಯಾವ ತಿಂಗಳು ಒಳ್ಳೆಯದು? ದಸರಾಗೆ ಮುಂಚೆ ಮುಗಿಸಬೇಕು ಅಂತ ಆಸೆ.

ಸಂಕ್ರಾಂತಿಯಿಂದ ಯುಗಾದಿವರೆಗೆ. ಮೈಸೂರು, ಮಂಡ್ಯ ಕಡೆ ಗೋಡೆ ಚೆನ್ನಾಗಿ ಒಣಗಿರುವ ಕಾಲ ಅದು. ಗಾಳಿಯಲ್ಲೂ ತೇವ ಕಡಿಮೆ.

ಆದರೆ ನಮ್ಮೂರಲ್ಲಿ ಎಲ್ಲರಿಗೂ ದಸರಾಗೆ ಮುಂಚೆಯೇ ಆಗಬೇಕು. ನೆಂಟರು ಬರುತ್ತಾರೆ, ಗೊಂಬೆ ಕೂರಿಸಬೇಕು, ಮನೆ ಕಳೆಯಾಗಿರಬೇಕು. ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಅದು ಮಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿ ಜೋರು ಮಳೆಯೇ ಬರುತ್ತದೆ. ಒಳಗೋಡೆಗೆ ಮಳೆಗಾಲದಲ್ಲೂ ಬಣ್ಣ ಹೊಡೆಯಬಹುದು, ಗೋಡೆ ಒಣಗಿದ್ದರೆ ಮಾತ್ರ. ಹೊರಗೋಡೆಗೆ ತಾಗಿದ ರೂಮುಗಳನ್ನು ಬಿಟ್ಟು ನಡುಮನೆ, ಪಡಸಾಲೆ ಮುಗಿಸಿಕೊಳ್ಳಿ. ಉಳಿದಿದ್ದನ್ನು ಜನವರಿಗೆ ಇಟ್ಟುಕೊಳ್ಳಿ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಡಬ್ಬದ ಮೇಲೆ 4 ಗಂಟೆ ಅಂತ ಬರೆದಿದ್ದರೆ, ಮಳೆ ದಿನ ಒಂದು ರಾತ್ರಿ ಪೂರ್ತಿ ಬಿಡಿ.

ಹೊಸ ಮನೆ. ಗೃಹಪ್ರವೇಶದ ದಿನ ಗೊತ್ತಾಗಿಬಿಟ್ಟಿದೆ. ಪ್ಲಾಸ್ಟರಿಂಗ್ ಆಗಿ ಎಷ್ಟು ದಿನ ಬಿಡಬೇಕು?

ಕಡಿಮೆ ಅಂದರೆ 28 ದಿನ. ಮಳೆಗಾಲವಾದರೆ ಇನ್ನೂ ಜಾಸ್ತಿ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸಿದರು. ಸುತ್ತ ಕಬ್ಬು, ಭತ್ತ. ನಾಲೆಯಲ್ಲಿ ನೀರು ಬಿಟ್ಟರೆ ಭೂಮಿ ತಿಂಗಳುಗಟ್ಟಲೆ ನೆನೆದೇ ಇರುತ್ತದೆ. ಪ್ಲಾಸ್ಟರಿಂಗ್ ಮುಗಿದು ಹತ್ತು ಹನ್ನೆರಡು ದಿನ ಆಗಿತ್ತು, ಪುರೋಹಿತರು ಕೊಟ್ಟ ಮುಹೂರ್ತ ಹತ್ತಿರ ಬಂತು. "ಮಗಾ, ಒಳ್ಳೇ ಪೇಂಟ್ ಕೊಡು, ದುಡ್ಡಿಗೆ ಯೋಚನೆ ಮಾಡಬೇಡ" ಅಂದರು. ನಾನು ಕೊಟ್ಟೆ. ಅಂಗಡಿಯಲ್ಲಿ ಇದ್ದಿದ್ದರಲ್ಲೇ ದುಬಾರಿಯ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಗೋಡೆ ಪೇಂಟ್. ಗೃಹಪ್ರವೇಶದ ದಿನ ಮನೆ ಫಳಫಳ ಹೊಳೆಯುತ್ತಿತ್ತು. ಮೂರೇ ತಿಂಗಳು. ಹಾಲ್‌ನ ಗೋಡೆ ಹಪ್ಪಳದ ಹಾಗೆ ಉಬ್ಬಿತು. ಒಂದು ಉಬ್ಬನ್ನು ಬೆರಳಿಂದ ಒತ್ತಿದೆ. ಒಡೆಯಿತು, ಒಳಗಿಂದ ನೀರು ಮೊಣಕೈವರೆಗೆ ಇಳಿಯಿತು. ಹಿಂದೆ ಪ್ಲಾಸ್ಟರ್ ಮೇಲೆ ಹತ್ತಿಯ ಹಾಗೆ ಬಿಳಿ ಉಪ್ಪು ಕೂತಿತ್ತು. ಚಿಕ್ಕಪ್ಪ ಒಂದು ಮಾತು ಬೈಯಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಆಗಿದ್ದು ಇಷ್ಟೇ. ಸಿಮೆಂಟ್ ಪ್ಲಾಸ್ಟರ್ ಒಳಗೆ ನೀರೂ ಇರುತ್ತದೆ, ಕ್ಷಾರವೂ ಇರುತ್ತದೆ. ನೀರು ಹೊರಗೆ ಬರುವಾಗ ಉಪ್ಪನ್ನು ಹೊತ್ತು ತರುತ್ತದೆ. ಮೇಲೆ ಪ್ಲಾಸ್ಟಿಕ್ ಥರದ ಪದರ ಕೂರಿಸಿದರೆ ದಾರಿ ಮುಚ್ಚುತ್ತದೆ. ಆಗ ಪದರವನ್ನೇ ತಳ್ಳಿಕೊಂಡು ಬರುತ್ತದೆ. ಪೇಂಟ್ ಒಳ್ಳೆಯದಾದಷ್ಟೂ ಉಬ್ಬು ದೊಡ್ಡದು.

ಮುಹೂರ್ತ ಬದಲಾಯಿಸಲು ಆಗದಿದ್ದರೆ ಒಂದು ಕೋಟ್ ಸುಣ್ಣ ಬಳಿದು ಪೂಜೆ ಮುಗಿಸಿ. ಸುಣ್ಣದ ಮೂಲಕ ಗೋಡೆ ಉಸಿರಾಡುತ್ತದೆ. ಆರು ತಿಂಗಳಾದ ಮೇಲೆ ಸುಣ್ಣ ಕೆರೆದು ಪೂರ್ತಿ ಕೆಲಸ ಮಾಡಿಸಿ. ಈಗ ಯಾರು ಬಂದರೂ ನಾನು ಇದನ್ನೇ ಹೇಳುತ್ತೇನೆ, ವ್ಯಾಪಾರ ಹೋದರೂ ಸರಿ.

ಗೋಡೆ ಒಣಗಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುತ್ತದಾ?

ಕಣ್ಣಿಗೆ ಗೊತ್ತಾಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ, ಎರಡು ಅಡಿ ಚೌಕ ಸಾಕು. ಗೋಡೆಗೆ ಒತ್ತಿ ನಾಲ್ಕೂ ಕಡೆ ಟೇಪ್ ಹಾಕಿ, ಗಾಳಿ ಹೋಗಬಾರದು. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಗಡೆ ನೀರಿನ ಹನಿ ಇದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಗಡೆ ಹನಿ ಇದ್ದರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆಗೆದಿಡಿ.

ಗೋಡೆಯ ಕೆಳಗಿನ ಎರಡು ಮೂರು ಅಡಿ ಮಾತ್ರ ಪ್ರತಿ ವರ್ಷ ಉದುರುತ್ತದೆ. ಯಾವ ಪೇಂಟ್ ಹಾಕಲಿ?

ಯಾವ ಪೇಂಟೂ ಬೇಡ, ಈಗಲೇ ಬೇಡ. ಅದು ಪಾಯದಿಂದ ಮೇಲೆ ಏರುತ್ತಿರುವ ನೀರು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ನೀರು ಹೀರುತ್ತದೆ. ನಾಲೆ ಬಯಲಿನ ಊರುಗಳಲ್ಲಿ ಇದು ಬಹಳ ಸಾಮಾನ್ಯ. ಮೊದಲು ಹೊರಗಡೆ ಹೋಗಿ ನೋಡಿ. ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಇದೆಯಾ? ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದೆಯಾ? ತಾರಸಿ ನೀರಿನ ಪೈಪ್ ಗೋಡೆ ಬುಡದಲ್ಲೇ ಬಿಡುತ್ತಿದೆಯಾ? ಗೋಡೆಯ ಆಚೆ ಬದಿ ಬಚ್ಚಲು ಇದೆಯಾ? ಪಾತಿ ತೆಗೆದು, ಪೈಪ್ ದೂರ ತಿರುಗಿಸಿದ್ದಕ್ಕೇ ಗೋಡೆ ಒಣಗಿದ್ದನ್ನು ನಾನು ನೋಡಿದ್ದೇನೆ.

ಕಾರಣ ಸರಿಹೋದ ಮೇಲೆ ಪುಡಿಪುಡಿಯಾದ ಪ್ಲಾಸ್ಟರ್ ಅನ್ನು ಇಟ್ಟಿಗೆವರೆಗೆ ಕೆತ್ತಿ ತೆಗೆಯಬೇಕು. ತೇವದ ಗುರುತು ಎಲ್ಲಿಯವರೆಗೆ ಇದೆಯೋ ಅದಕ್ಕಿಂತ ಒಂದು ಅಡಿ ಮೇಲೆವರೆಗೂ ಕೆತ್ತಿ. ವಾಟರ್‌ಪ್ರೂಫ್ ಪುಡಿ ಬೆರೆಸಿದ ಹೊಸ ಪ್ಲಾಸ್ಟರ್ ಹಾಕಿ ಒಣಗಲು ಬಿಡಬೇಕು. ಬಿಳಿ ಉಪ್ಪನ್ನು ನೀರಲ್ಲಿ ತೊಳೆಯಬೇಡಿ. ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಕೆಳಗಡೆ ಟೈಲ್ಸ್ ಅಂಟಿಸಿ ಮುಚ್ಚಿಬಿಡಿ ಅಂತ ಕೆಲವರು ಹೇಳುತ್ತಾರೆ. ಮುಚ್ಚಿದರೆ ನೀರು ಟೈಲ್ಸ್ ದಾಟಿ ಅದರ ಮೇಲೆ ಕಾಣಿಸಿಕೊಳ್ಳುತ್ತದೆ, ಇನ್ನೂ ಎತ್ತರದಲ್ಲಿ.

ನಮ್ಮದು ಅಗ್ರಹಾರದ ಹಳೇ ಮದ್ರಾಸ್ ತಾರಸಿ ಮನೆ. ಸುಣ್ಣದ ಗೋಡೆ. ಎಮಲ್ಷನ್ ಹೊಡೆಸಬಹುದಾ?

ಈ ಪ್ರಶ್ನೆ ಬಂದರೆ ನಾನು ಸ್ಟೂಲ್ ಎಳೆದು ಕೂರಿಸಿ ಮಾತಾಡುತ್ತೇನೆ. ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂ ಕಡೆ ಇಂಥ ಮನೆಗಳು ಇನ್ನೂ ಉಳಿದಿವೆ. ಮರದ ತೊಲೆ, ಅದರ ಮೇಲೆ ಅಂಚಿನಲ್ಲಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಸುಣ್ಣದ ಗಾರೆ. ಆ ಗಾರೆಯನ್ನು ಕಡಿಮೆ ಅಂತ ತಿಳಿಯಬೇಡಿ. ಕನ್ನಂಬಾಡಿ ಕಟ್ಟೆಯನ್ನೇ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು.

ಸುಣ್ಣದ ಗೋಡೆ ನೀರು ಹೀರುತ್ತದೆ, ಬಿಡುತ್ತದೆ. ಅದರ ಸ್ವಭಾವವೇ ಹಾಗೆ. ಅದಕ್ಕೆ ಎಮಲ್ಷನ್ ಹೊಡೆದರೆ ಹೊಸದರಲ್ಲಿ ಚೆನ್ನಾಗಿ ಕಾಣುತ್ತದೆ, ಆಮೇಲೆ ಅಂಗೈಯಗಲದ ಚಕ್ಕೆಗಳಾಗಿ ಎದ್ದು ಬರುತ್ತದೆ. ಬರುವಾಗ ಹಳೇ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ. ನನ್ನ ಮಾತು ಕೇಳುವುದಾದರೆ, ಅಂಥ ಮನೆಗೆ ಸುಣ್ಣವನ್ನೇ ಬಳಿಸಿ.

ಮಾಡುವ ಕ್ರಮ ಹೇಳುತ್ತೇನೆ. ಸುಟ್ಟ ಸುಣ್ಣದ ಹರಳನ್ನು ದೊಡ್ಡ ಪಾತ್ರೆಯಲ್ಲಿ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಹಾಕಿದ ತಕ್ಷಣ ಬೆಂಕಿ ಇಲ್ಲದೇ ಕೊತಕೊತ ಕುದಿಯುತ್ತದೆ. ಹತ್ತಿರ ಮಕ್ಕಳನ್ನು ಬಿಡಬೇಡಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಒಂದು ಹನಿ ಸಿಡಿದರೂ ಕಣ್ಣು ಹೋಗಬಹುದು. ಪ್ಲಾಸ್ಟಿಕ್ ಬಕೆಟ್ ಬೇಡ, ಶಾಖಕ್ಕೆ ಸೊಟ್ಟಗಾಗುತ್ತದೆ. ಎರಡು ಮೂರು ದಿನ ನೆನೆದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ನೆನೆಸಿದ ಗೋಂದು ಬೆರೆಸಿದರೆ ಕೈಗೆ ಹತ್ತುವುದು ಕಡಿಮೆ. ಬಿಳುಪು ಏರಲು ಚಿಟಿಕೆ ನೀಲಿ. ಹಾಲಿನಷ್ಟು ತೆಳ್ಳಗೆ ಇರಬೇಕು. ಗೋಡೆಗೆ ಮೊದಲು ನೀರು ಚಿಮುಕಿಸಿ, ಮೂರು ತೆಳು ಕೋಟ್ ಬಳಿಯಿರಿ. ಬಳಿಯುವಾಗ ಏನೂ ಕಾಣುವುದಿಲ್ಲ, ಬರೀ ನೀರು ಹಚ್ಚಿದ ಹಾಗೆ. ಗಾಬರಿಯಾಗಿ ದಪ್ಪ ಹಾಕಬೇಡಿ. ಒಣಗುತ್ತಾ ಗಾಳಿಯನ್ನು ಹೀರಿಕೊಂಡು ತಾನೇ ಬೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ. ಬೆಳಗಿನ ಬಿಸಿಲು ಬಿದ್ದಾಗ ಆ ಗೋಡೆ ಕೊಡುವ ತಂಪು ಬಿಳುಪನ್ನು ನಾನು ಮಾರುವ ಯಾವ ಡಬ್ಬವೂ ಕೊಡುವುದಿಲ್ಲ.

ಹಳೇ ಸುಣ್ಣದ ಮೇಲೆ ಪೇಂಟ್ ಹೊಡೆಯಲೇಬೇಕು ಅಂದರೆ?

ಸಿಮೆಂಟ್ ಪ್ಲಾಸ್ಟರ್ ಮೇಲೆ ಸುಣ್ಣ ಇದ್ದರೆ ಮಾಡಬಹುದು. ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈ ಬೆಳ್ಳಗಾದರೆ ಇನ್ನೂ ಕೆರೆಯಬೇಕು. ನೀರು ಹಚ್ಚಿ, ಕೆರೆಯುವ ಲೋಹದ ಪಟ್ಟಿಯಲ್ಲಿ ಕೆರೆದು, ತೊಳೆದು, ಒಣಗಿಸಿ, ಮತ್ತೆ ಉಜ್ಜಿ ನೋಡಿ. ಕೈ ಸ್ವಚ್ಛವಾಗಿ ಬರುವವರೆಗೆ ಪ್ರೈಮರ್ (ಪೇಂಟಿಗೆ ಮುಂಚೆ ಹೊಡೆಯುವ ತಳದ ಕೋಟ್) ಡಬ್ಬ ತೆಗೆಯಬೇಡಿ. ಈ ಕೆಲಸದಲ್ಲಿ ಸಂಬಳವೆಲ್ಲ ಕೆರೆಯುವುದಕ್ಕೇ ಹೋಗುತ್ತದೆ, ಹೋಗಲಿ.

ಡಿಸ್ಟೆಂಪರ್‌ಗೂ ಎಮಲ್ಷನ್‌ಗೂ ಏನು ವ್ಯತ್ಯಾಸ?

ಡಿಸ್ಟೆಂಪರ್‌ನಲ್ಲಿ ಸೀಮೆಸುಣ್ಣದಂಥ ಪುಡಿ ಜಾಸ್ತಿ, ಅಂಟು ಕಡಿಮೆ. ಅಗ್ಗ. ಒರಗಿ ಕೂತರೆ ಬೆನ್ನಿಗೆ ಹತ್ತಬಹುದು, ಒದ್ದೆ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಎದ್ದುಬರುತ್ತದೆ. ಎಮಲ್ಷನ್‌ನಲ್ಲಿ ಅಂಟು ಜಾಸ್ತಿ, ಒರೆಸಬಹುದು, ಹೆಚ್ಚು ವರ್ಷ ಬರುತ್ತದೆ. ಸೀಲಿಂಗ್‌ಗೆ, ಸ್ಟೋರ್ ರೂಮಿಗೆ ಡಿಸ್ಟೆಂಪರ್ ಸಾಕು. ಮಕ್ಕಳು ಓಡಾಡುವ ಹಾಲ್‌ಗೆ ಎಮಲ್ಷನ್ ಹಾಕಿಸಿ. ತುಂಬಾ ಹೊಳಪಿನ ಪೇಂಟ್ ತೆಗೆದುಕೊಂಡರೆ ಗೋಡೆಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ, ಅದು ನೆನಪಿರಲಿ.

ಪುಟ್ಟಿ ಹಾಕಿಸಲೇಬೇಕಾ? ಯಾವ ಪುಟ್ಟಿ?

ಗೋಡೆ ಸಮವಾಗಿದ್ದರೆ ಬೇಡ. ಪುಟ್ಟಿ ಇರುವುದು ಸಣ್ಣ ತಗ್ಗು ತುಂಬಲು. ವಕ್ರ ಗೋಡೆಯನ್ನು ನೆಟ್ಟಗೆ ಮಾಡುವುದು ಗಾರೆಯವರ ಕೆಲಸ.

ಹೊಸ ಪ್ಲಾಸ್ಟರ್‌ಗೆ ವೈಟ್ ಸಿಮೆಂಟ್ ಪುಟ್ಟಿ. ಗೋಡೆಗೆ ನೀರು ಚಿಮುಕಿಸಿ, ಎರಡು ತೆಳು ಕೋಟ್, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಅದು ಒಣಗಿದ ಮೇಲೆ ಪ್ರೈಮರ್. ಹಳೇ ಪೇಂಟ್ ಇರುವ ಗೋಡೆಗೆ ವೈಟ್ ಸಿಮೆಂಟ್ ಪುಟ್ಟಿ ಹಿಡಿಯುವುದಿಲ್ಲ. ಅಲ್ಲಿ ಪ್ರೈಮರ್, ಆಮೇಲೆ ಅಕ್ರಿಲಿಕ್ ಪುಟ್ಟಿ, ಮತ್ತೆ ಪ್ರೈಮರ್. ಇದನ್ನು ತಿರುಗಾಮುರುಗಾ ಮಾಡಿ ಕಳೆದುಕೊಂಡವರು ಬಹಳ ಜನ.

ಪುಟ್ಟಿ ಉಜ್ಜಲು 180 ನಂಬರಿನ ಉಪ್ಪು ಕಾಗದದಿಂದ ಶುರು ಮಾಡಿ 320ಕ್ಕೆ ಮುಗಿಸಿ. ರಾತ್ರಿ ಬಲ್ಬನ್ನು ಗೋಡೆಗೆ ಒತ್ತಿ ಹಿಡಿದು ನೋಡಿ. ಹಗಲಲ್ಲಿ ಕಾಣದ ಗೆರೆಗಳೆಲ್ಲ ನೆರಳಾಗಿ ಕಾಣುತ್ತವೆ. ಮುಖಕ್ಕೆ ಮಾಸ್ಕ್ ಇರಲಿ. ಉಜ್ಜಿದ ಮೇಲೆ ದೂಳನ್ನು ಪೂರ್ತಿ ಒರೆಸಬೇಕು. ಒರೆಸದೇ ಪ್ರೈಮರ್ ಹೊಡೆದರೆ ಪ್ರೈಮರ್ ದೂಳಿಗೆ ಅಂಟುತ್ತದೆ, ಗೋಡೆಗಲ್ಲ.

ಪ್ರೈಮರ್ ಬಿಟ್ಟು ಮೂರು ಕೋಟ್ ಪೇಂಟ್ ಹೊಡೆದರೆ ಆಗಲ್ವಾ?

ಆಗಲ್ಲ. ಪುಟ್ಟಿ ಪೇಂಟಿನ ಅಂಟನ್ನು ಕುಡಿದುಬಿಡುತ್ತದೆ, ಬಣ್ಣ ತೇಪೆ ತೇಪೆಯಾಗಿ ಕಾಣುತ್ತದೆ. ದುಡ್ಡೂ ಜಾಸ್ತಿ ಆಗುತ್ತದೆ.

ಬಿರುಕು ಬಿಟ್ಟಿದೆ. ಪುಟ್ಟಿ ಹಾಕಿ ಮುಚ್ಚಲಾ?

ಕೂದಲೆಳೆಯಷ್ಟು ಇದ್ದರೆ ಸರಿ. ಪಟ್ಟಿಯ ಮೂಲೆಯಿಂದ ಸ್ವಲ್ಪ ಅಗಲ ಮಾಡಿ, ದೂಳು ಊದಿ, ಬಿರುಕಿಗೆ ಅಂತಲೇ ಸಿಗುವ ಪೇಸ್ಟ್ ತುಂಬಿ. ಪಿಲ್ಲರ್‌ಗೂ ಇಟ್ಟಿಗೆ ಗೋಡೆಗೂ ಸೇರುವ ಕಡೆ ನೆಟ್ಟಗೆ ಗೆರೆ ಎಳೆದ ಹಾಗೆ ಬಿರುಕು ಇದ್ದರೆ ಎಷ್ಟು ಸಲ ಮುಚ್ಚಿದರೂ ಮತ್ತೆ ಬರುತ್ತದೆ. ಅಲ್ಲಿ ಪ್ಲಾಸ್ಟರ್ ಕೆತ್ತಿ, ಕೋಳಿ ಜಾಲರಿ ಬಡಿದು ಮತ್ತೆ ಪ್ಲಾಸ್ಟರ್ ಮಾಡಿಸಬೇಕು. ಬಿರುಕು ಓರೆಯಾಗಿ ಇಳಿದಿದ್ದರೆ, ಅಗಲವಾಗುತ್ತಾ ಹೋಗುತ್ತಿದ್ದರೆ ನನ್ನ ಅಂಗಡಿಗೆ ಬರಬೇಡಿ. ಎಂಜಿನಿಯರ್ ಹತ್ತಿರ ಹೋಗಿ.

ದೇವರ ಮನೆಯ ಮಸಿ, ಅಡುಗೆ ಮನೆಯ ಒಗ್ಗರಣೆ ಜಿಡ್ಡು. ಹೊಡೆದ ಬಣ್ಣ ನಿಲ್ಲುವುದೇ ಇಲ್ಲ.

ಎಣ್ಣೆಯ ಮೇಲೆ ನೀರಿನ ಪೇಂಟ್ ಕೂರುವುದಿಲ್ಲ, ಅಷ್ಟೇ ಕಾರಣ. ಅಡುಗೆ ಮನೆಯ ಗೋಡೆಯನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ಉಜ್ಜಿ, ಬರೀ ನೀರಿನಿಂದ ಎರಡು ಸಲ ಒರೆಸಿ. ಸೋಪು ಉಳಿದರೂ ಪೇಂಟ್ ಹಿಡಿಯುವುದಿಲ್ಲ. ಒಲೆಯ ಹಿಂದೆ, ಚಿಮಣಿಯ ಪಕ್ಕ ಬೆರಳಿಟ್ಟು ಎಳೆಯಿರಿ, ಬೆರಳು ಜಾರಿದರೆ ಇನ್ನೂ ಜಿಡ್ಡಿದೆ.

ಮಸಿಗೆ ಮೊದಲು ನೀರು ಹಾಕಬೇಡಿ, ಹರಡುತ್ತದೆ. ಒಣ ಬಟ್ಟೆಯಲ್ಲಿ ಮೇಲಿನ ಪದರ ತೆಗೆದು ಆಮೇಲೆ ಸೋಪು. ಅಷ್ಟಾದರೂ ಹಳದಿ ಕಲೆ ಉಳಿದಿದ್ದರೆ ಕಲೆ ತಡೆಯುವ ಪ್ರೈಮರ್ ಒಂದು ಕೋಟ್ ಬೇಕು, ಇಲ್ಲದಿದ್ದರೆ ಮಸಿ ಮೂರು ಕೋಟ್ ದಾಟಿಯೂ ಇಣುಕುತ್ತದೆ. ಇನ್ನೊಂದು ಮಾತು. ಗೋಡೆಗೆ ತಾಗಿದ ಅರಿಶಿನದ ಕೈಗುರುತನ್ನು ಸೋಪಿನಿಂದ ತೊಳೆದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಕೆಂಪು ನೀರು ಮಾಡುತ್ತೇವಲ್ಲ, ಅದೇ ಕಥೆ. ಹೆದರಬೇಡಿ, ಸಾದಾ ನೀರಿನಿಂದ ಒರೆಸಿ. ಬಿಸಿಲು ಬೀಳುವ ಕಡೆ ಇದ್ದರೆ ದಿನ ಕಳೆದಂತೆ ತಾನೇ ಮಾಸುತ್ತದೆ.

ಬಚ್ಚಲ ಮನೆಯ ಕಪ್ಪು ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ನೀರು ಹಚ್ಚಿ ಬಿಟ್ಟು ತೊಳೆಯಿರಿ. ಅದರ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಎಷ್ಟು ಲೀಟರ್ ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

10ಕ್ಕೆ 12 ಅಡಿ ರೂಮು, 10 ಅಡಿ ಎತ್ತರ ಅಂದುಕೊಳ್ಳಿ. ನಾಲ್ಕು ಗೋಡೆ ಸುತ್ತಳತೆ 44 ಅಡಿ, ಎತ್ತರದಿಂದ ಗುಣಿಸಿದರೆ 440 ಚದರ ಅಡಿ. 7ಕ್ಕೆ 3ರ ಬಾಗಿಲು 21, 4ಕ್ಕೆ 4ರ ಕಿಟಕಿ 16. ಕಳೆದರೆ 403. ನುಣುಪಾದ, ಪ್ರೈಮರ್ ಆದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 120 ಚದರ ಅಡಿ ಬರುತ್ತದೆ ಅಂತ ಹಿಡಿಯಿರಿ. ಮೂರೂವರೆ ಲೀಟರ್ ಆಯಿತು, 4 ಲೀಟರ್ ಡಬ್ಬ ತೆಗೆದುಕೊಳ್ಳಿ. ಸೀಲಿಂಗ್ 120 ಚದರ ಅಡಿ, ಅದಕ್ಕೆ ಒಂದು ಲೀಟರ್.

ಒಂದೇ ರೂಮಿಗೆ ಎರಡು ಡಬ್ಬ ಬೇಕಾದರೆ ಒಟ್ಟಿಗೇ ತನ್ನಿ, ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಎರಡನ್ನೂ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಂಡರೆ ನಡು ಗೋಡೆಯಲ್ಲಿ ಬಣ್ಣ ಬದಲಾಗುವ ಭಯ ಇಲ್ಲ.

ಕಾರ್ಡ್‌ನಲ್ಲಿ ಚೆನ್ನಾಗಿತ್ತು, ಗೋಡೆಯಲ್ಲಿ ಬೇರೆ ಥರ ಕಾಣುತ್ತಿದೆ. ಯಾಕೆ?

ಕಾರ್ಡ್ ಎರಡು ಬೆರಳಗಲ. ಗೋಡೆ ಹತ್ತು ಅಡಿ. ದೊಡ್ಡ ಜಾಗದಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ, ಎದುರು ಗೋಡೆಯ ಬಣ್ಣವೂ ಸೇರುತ್ತದೆ. ಕೆಂಪು ಗಾರೆ ನೆಲದ ಮನೆಯಲ್ಲಿ ಬಿಳಿ ಗೋಡೆಗೂ ನಸುಗೆಂಪು ಛಾಯೆ ಬರುತ್ತದೆ. ಅದಕ್ಕೇ ಒಂದು ಲೀಟರ್ ಮಾತ್ರ ಮೊದಲು ತಂದು, ಎರಡು ಅಡಿ ಚೌಕ ಎರಡು ಕೋಟ್ ಹೊಡೆದು, ಬೆಳಗ್ಗೆ, ಸಂಜೆ, ಲೈಟ್ ಹಾಕಿದ ಮೇಲೆ ಮೂರು ಹೊತ್ತೂ ನೋಡಿ. ಹಸಿ ಇದ್ದಾಗ ತಿಳಿಯಾಗಿದ್ದ ಎಮಲ್ಷನ್ ಒಣಗಿದ ಮೇಲೆ ಗಾಢವಾಗುತ್ತದೆ.

ಮನೆಯ ಹಿರಿಯರು ವಾಸ್ತು ಪ್ರಕಾರ ಒಂದು ಬಣ್ಣ ಹೇಳಿದ್ದರೆ ಆ ಬಣ್ಣದ್ದೇ ತಿಳಿ ಶೇಡ್ ಆರಿಸಿ. ಅವರ ಮನಸ್ಸಿಗೂ ಸಮಾಧಾನ, ರೂಮಿಗೂ ಬೆಳಕು.

ತೇಗದ ಬಾಗಿಲಿಗೆ ಪೇಂಟ್ ಹೊಡೆಸಲಾ, ಪಾಲಿಶ್ ಮಾಡಿಸಲಾ?

ತೇಗಕ್ಕೆ ಪೇಂಟ್ ಬೇಡ ಅಂತ ಕೈ ಮುಗಿದು ಕೇಳುತ್ತೇನೆ. ಹಳೇ ಮನೆಗಳಲ್ಲಿ ನಾಲ್ಕೈದು ಪದರ ಎನಾಮೆಲ್ (ಮರ, ಕಬ್ಬಿಣಕ್ಕೆ ಹಚ್ಚುವ ಹೊಳಪಿನ ಪೇಂಟ್) ಕೆರೆದಾಗ ಕೆಳಗಿಂದ ಬರುವ ಮರದ ಎಳೆ ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಒಳಬಾಗಿಲಿಗೆ ಫ್ರೆಂಚ್ ಪಾಲಿಶ್ ಚೆಂದ. ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೆಳುವಾಗಿ ಹತ್ತಾರು ಸಲ ಎಳೆಯುವ ಕೆಲಸ. ಅರಗಿಗೂ ಮೈಸೂರಿಗೂ ನಂಟಿದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮಾಡುವ ನಮ್ಮೂರಿನ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು. ಶಾಯಿ ಬಂದಿದ್ದು ಆಮೇಲೆ, 1962ರ ಚುನಾವಣೆಗೆ.

ಫ್ರೆಂಚ್ ಪಾಲಿಶ್‌ಗೆ ನೀರು, ಬಿಸಿ ಲೋಟ ಆಗುವುದಿಲ್ಲ, ಬಿಳಿ ಗುರುತು ಬೀಳುತ್ತದೆ. ಬಿಸಿಲು ಮಳೆ ತಾಗುವ ಮುಂಬಾಗಿಲಿಗೆ ಹೊರಗಡೆಗೆ ಅಂತ ಮಾಡಿದ ಪಿಯು (ಪಾಲಿಯುರಿಥೇನ್) ಪಾಲಿಶ್ ಹಾಕಿಸಿ. ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಳಗೊಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಹೊಸಿಲಿಗೆ ಏನು ಹಾಕಬೇಕು?

ದಿನಾ ನೀರು, ಅರಿಶಿನ, ಕುಂಕುಮ, ಮೇಲೆ ರಂಗೋಲಿ. ಮನೆಯ ಮರದಲ್ಲಿ ಅತಿ ಜಾಸ್ತಿ ತೇವ ತಿನ್ನುವುದು ಹೊಸಿಲೇ. ಹಳದಿ ಎನಾಮೆಲ್ ಹಾಕಿ ಕೆಂಪು ಚಿತ್ತಾರ ಬರೆಸುವ ಪದ್ಧತಿ ಚೆನ್ನಾಗಿದೆ, ಮರವನ್ನೂ ಕಾಯುತ್ತದೆ. ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಮುಗಿಸಿ. ಹಿಂದಿನ ರಾತ್ರಿ ಹಚ್ಚಿದರೆ ಬೆಳಗ್ಗೆ ಅರಿಶಿನ ಹಸಿ ಪೇಂಟಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಅಂಬೆಗಾಲಿಡುವ ಮಕ್ಕಳ ಕೈ ಊರುತ್ತದೆ, ಹಾಗಾಗಿ ಮುಂದಿನ ಉತ್ತರವನ್ನೂ ಓದಿ.

ಹಳೇ ಎನಾಮೆಲ್ ಕೆರೆಯುವಾಗ ಏನಾದರೂ ಅಪಾಯ ಇದೆಯಾ?

ಇದೆ, ಸೀಸ. ಹಿಂದೆ ಎನಾಮೆಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುತ್ತಿತ್ತು. 2016ರ ನಿಯಮ ಬಂದು, 2017ರ ನವೆಂಬರ್‌ನಿಂದ ಮನೆ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅಂತಾಯಿತು. ಅದಕ್ಕೂ ಹಳೇ ಪೇಂಟ್ ಆಗಿದ್ದರೆ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಒಣ ಉಜ್ಜುವುದು ಬೇಡ. ನೀರು ಹಚ್ಚಿ, ಒದ್ದೆಯಲ್ಲೇ ಉಜ್ಜುವ ಉಪ್ಪು ಕಾಗದವಾದ ವಾಟರ್ ಪೇಪರ್‌ನಲ್ಲಿ ಉಜ್ಜಿ. ಬೆಂಕಿ ಹಿಡಿದು ಸುಡಬೇಡಿ. ಚಿಕ್ಕ ಮಕ್ಕಳು, ಬಸುರಿ ಹೆಂಗಸರು ಆ ದಿನ ಮನೆಯಲ್ಲಿ ಇರುವುದು ಬೇಡ. ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಹೊಸ ಡಬ್ಬ ಕೊಳ್ಳುವಾಗಲೂ ಸೀಸದ ಬಗ್ಗೆ ಏನು ಬರೆದಿದೆ ಅಂತ ಓದಿ. ಹೆಸರಿಲ್ಲದ ಅಗ್ಗದ ಎನಾಮೆಲ್ ಬೇಡ.

ಹೊಳೆಯುವ ಹಳೇ ಎನಾಮೆಲ್ ಮೇಲೆ ಈಗಿನ ನೀರಿನ ಎನಾಮೆಲ್ ಹೊಡೆಯಬಹುದಾ?

ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಪ್ರೈಮರ್ ಹಾಕಿ, ಆಮೇಲೆ ಹೊಡೆಯಬಹುದು. ಇಲ್ಲದಿದ್ದರೆ ಉಗುರಿನಿಂದ ಎಳೆದರೂ ಸಿಪ್ಪೆಯ ಹಾಗೆ ಬರುತ್ತದೆ. ಬಿಳಿ ಚೌಕಟ್ಟಿಗೆ ನೀರಿನ ಎನಾಮೆಲ್ಲೇ ವಾಸಿ. ಆಯಿಲ್ ಎನಾಮೆಲ್ ಬೆಳಕು ಕಡಿಮೆ ಇರುವ ಕಡೆ ಬೇಗ ಹಳದಿಗೆ ತಿರುಗುತ್ತದೆ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುತ್ತದೆ. ಇದಕ್ಕೂ ಬಣ್ಣಕ್ಕೂ ಸಂಬಂಧ ಇದೆಯಾ?

ಖಂಡಿತ ಇದೆ. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಯಾರೂ ಬಣ್ಣ ಹಚ್ಚುವುದಿಲ್ಲ, ಕಾಣುವುದಿಲ್ಲವಲ್ಲ. ಅಲ್ಲಿಂದಲೇ ಮರ ತೇವ ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಬಾಗಿಲು ಇಳಿಸಿ, ಬೇಕಾದಷ್ಟು ಮಾತ್ರ ಕೀಸಿ, ಆ ಎರಡು ಅಂಚಿಗೂ ಪ್ರೈಮರ್, ಎರಡು ಕೋಟ್ ಪೇಂಟ್ ಕೊಡಿ. ಕೀಲಿಗೆ, ಚಿಲಕಕ್ಕೆ ಪೇಂಟ್ ಬಳಿಯಬೇಡಿ, ಬಿಚ್ಚಿಡಿ.

ಕಿಟಕಿಯ ಕಬ್ಬಿಣದ ಸರಳಿಗೆ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ಒಂದು ರಾತ್ರಿ ಬಿಟ್ಟರೂ ಮತ್ತೆ ತುಕ್ಕು ಶುರು.

ಯಾವುದು ಮೊದಲು? ಗೋಡೆಯೋ ಬಾಗಿಲೋ?

ಉಜ್ಜುವ ಕೆಲಸ ಎಲ್ಲ ಮೊದಲು, ಗೋಡೆಯದೂ ಮರದ್ದೂ. ಆಮೇಲೆ ಸೀಲಿಂಗ್, ಗೋಡೆಗೆ ಪ್ರೈಮರ್ ಮತ್ತು ಮೊದಲ ಕೋಟ್, ನಂತರ ಬಾಗಿಲು ಕಿಟಕಿ ಮುಗಿಸಿ, ಕೊನೆಗೆ ಗೋಡೆಯ ಕೊನೇ ಕೋಟ್. ಎಲೆಕ್ಟ್ರಿಷಿಯನ್, ಪ್ಲಂಬರ್ ಕೆಲಸ ಬಾಕಿ ಇದ್ದರೆ ಕೊನೇ ಕೋಟ್ ಹೊಡೆಸಲೇಬೇಡಿ. ಸ್ವಿಚ್ ಬೋರ್ಡ್ ಮುಚ್ಚಳ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ.

ಕೆಂಪು ಗಾರೆ ನೆಲ ಇದ್ದರೆ ಬರೀ ಪೇಪರ್ ಹಾಸಿದರೆ ಸಾಲದು, ಹನಿ ತೂರಿ ಇಳಿಯುತ್ತದೆ. ಟಾರ್ಪಾಲು ಹಾಸಿ ಮೇಲೆ ಹಳೇ ಸೀರೆ ಹಾಸಿ. ಟಾರ್ಪಾಲಿನ ಮೇಲೆ ಬರೀ ಕಾಲಿಗೆ ಪೇಂಟ್ ಹತ್ತಿ ಮನೆಯೆಲ್ಲ ಹೆಜ್ಜೆಯಾಗುತ್ತದೆ, ಸೀರೆ ಅದನ್ನು ಹೀರಿಕೊಳ್ಳುತ್ತದೆ. ಹನಿ ಬಿದ್ದರೆ ಹಸಿ ಇದ್ದಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ನೆಲಕ್ಕೆ ಥಿನ್ನರ್ ಹಾಕಿ ಉಜ್ಜಿದರೆ ವರ್ಷಗಳ ಹೊಳಪು ಹೋಗುತ್ತದೆ.

ಪೇಂಟರ್ ಹತ್ತಿರ ಏನೇನು ಮಾತಾಡಿಕೊಳ್ಳಬೇಕು?

ಎಷ್ಟು ಕೋಟ್ ಪುಟ್ಟಿ, ಎಷ್ಟು ಕೋಟ್ ಪ್ರೈಮರ್, ಎಷ್ಟು ಕೋಟ್ ಪೇಂಟ್, ಯಾವ ಡಬ್ಬ, ಬಾಗಿಲು ಕಿಟಕಿ ಸೇರಿದೆಯಾ, ಅಳತೆ ಬಾಗಿಲು ಕಳೆದೋ ಕಳೆಯದೆಯೋ. ಕಾಗದದಲ್ಲಿ ಬರೆದುಕೊಳ್ಳಿ. ಅವರಿಗೂ ಒಳ್ಳೆಯದು. ದುಡ್ಡನ್ನು ಕೆಲಸ ಆದ ಹಾಗೆ ಕಂತಿನಲ್ಲಿ ಕೊಡಿ, ಆದರೆ ತಡಮಾಡಬೇಡಿ. ಪೇಂಟಿಗೆ ನೀರು ಬೆರೆಸುವ ಪ್ರಮಾಣ ಡಬ್ಬದ ಮೇಲೆ ಇರುತ್ತದೆ, ಬೆರೆಸುವಾಗ ಹತ್ತಿರ ನಿಲ್ಲಿ.

ಒಳ್ಳೇ ಮೇಸ್ತ್ರಿ ಸಿಕ್ಕರೆ ಚೌಕಾಸಿ ಜಾಸ್ತಿ ಮಾಡಬೇಡಿ. "ಅಣ್ಣಾ, ಕೆರೆಯೋದಕ್ಕೇ ಮೂರು ದಿನ ಬೇಕು" ಅಂತ ಹೇಳುವವರನ್ನು ಹಿಡಿದುಕೊಳ್ಳಿ. ಎರಡೇ ದಿನದಲ್ಲಿ ಎಲ್ಲ ಮುಗಿಸುತ್ತೇನೆ ಅನ್ನುವವರು ಕೆರೆಯುವ ಕೆಲಸವನ್ನೇ ಬಿಟ್ಟಿರುತ್ತಾರೆ.

ನಾವೇ ಹೊಡೆದುಕೊಳ್ಳಬಹುದಾ?

ಯಾಕಾಗಬಾರದು? ಮೊದಲು ಮಲಗುವ ರೂಮಿನ ಒಂದು ಗೋಡೆ ಹಿಡಿಯಿರಿ. ಅಂಚನ್ನು ಎರಡು ಇಂಚು ಬ್ರಷ್‌ನಿಂದ ಎಳೆದು, ಅದು ಹಸಿ ಇರುವಾಗಲೇ ರೋಲರ್ ಓಡಿಸಿ. ಗೋಡೆ ಪೂರ್ತಿ ಮುಗಿಯುವವರೆಗೆ ಕಾಫಿಗೆ ಏಳಬೇಡಿ, ಒಣಗಿದ ಅಂಚಿನ ಮೇಲೆ ಮತ್ತೆ ಹೊಡೆದರೆ ಪಟ್ಟೆ ಬೀಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಪೇಂಟ್ ತುಂಬಾ ಬೇಗ ಒಣಗುತ್ತದೆ, ಬೆಳಗ್ಗೆಯೇ ಮುಗಿಸಿ. ಮಾಸ್ಕಿಂಗ್ ಟೇಪನ್ನು ಪೇಂಟ್ ಪೂರ್ತಿ ಗಟ್ಟಿಯಾಗುವ ಮುಂಚೆ ಓರೆಯಾಗಿ ಎಳೆದು ತೆಗೆಯಿರಿ.

ಬಾಡಿಗೆ ಮನೆ. ನಾವು ಬಣ್ಣ ಹೊಡೆಸಿದರೆ ಓನರ್ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರಾ?

ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಹಿಡಿಯುವ ರೂಢಿ ಇಲ್ಲೂ ಇದೆ. ಕರಾರು ಪತ್ರದಲ್ಲೇ ಎಷ್ಟು ಅಂತ ಬರೆಸಿ. ನೀವೇ ಹೊಡೆಸುವುದಾದರೆ ಮೊದಲು ಕೇಳಿ, ಶೇಡ್ ತೋರಿಸಿ, ಬಿಲ್ ಇಟ್ಟುಕೊಳ್ಳಿ.

ಉಳಿದ ಪೇಂಟ್ ಏನು ಮಾಡಲಿ?

ಮೋರಿಗೆ ಸುರಿಯಬೇಡಿ. ಸ್ವಲ್ಪವೇ ಉಳಿದಿದ್ದರೆ ಚಿಕ್ಕ ಡಬ್ಬಕ್ಕೆ ತುಂಬಿ, ಗಾಳಿ ಕಡಿಮೆ ಇದ್ದಷ್ಟೂ ಕೆನೆ ಕಟ್ಟುವುದಿಲ್ಲ. ಮುಚ್ಚಳದ ಅಂಚು ಒರೆಸಿ ಗಟ್ಟಿಯಾಗಿ ಮುಚ್ಚಿ, ಬಿಸಿಲು, ಒಲೆ, ಮಕ್ಕಳಿಂದ ದೂರ ಇಡಿ. ಡಬ್ಬದ ಮೇಲೆ ರೂಮಿನ ಹೆಸರು, ಶೇಡ್ ನಂಬರ್, ಹೊಡೆಸಿದ ತಿಂಗಳು ಬರೆಯಿರಿ. ಮೂರು ವರ್ಷ ಆದ ಮೇಲೆ ಸೋಫಾ ತಾಗಿ ಗೋಡೆ ಗೀರಿದಾಗ "ಅದೇ ತಿಳಿ ಹಳದಿ ಕೊಡಿ" ಅಂತ ಬರುತ್ತೀರಿ. ನನ್ನ ಹತ್ತಿರ ತಿಳಿ ಹಳದಿಯೇ ನೂರಾರು ಇವೆ. ಆ ನಂಬರ್ ಒಂದಿದ್ದರೆ ಐದು ನಿಮಿಷದಲ್ಲಿ ಕಲಸಿ ಕೊಡುತ್ತೇನೆ.